ಮುಚ್ಚಿದ ರೆಸ್ಟೋರೆಂಟಿನ ಚರಿತ್ರೆ ಬರೆದ ಬಗೆ

ಬೆಳಗಾವಿಯ ಕ್ಯಾಂಪಿನಲ್ಲಿ, ಅಂದರೆ ದಂಡಿನ ಪ್ರದೇಶದಲ್ಲಿ, ಬಿಳಿ ಮೇಜುಹಾಸು, ಇಸ್ತ್ರಿ ಮಾಡಿದ ನ್ಯಾಪ್ಕಿನ್, ಮೆತ್ತಗೆ ಮಾತಾಡುವ ವೇಟರ್‌ಗಳಿದ್ದ ಒಂದು ರೆಸ್ಟೋರೆಂಟ್ ಇತ್ತು. ದಂಡಿನ ಅಧಿಕಾರಿಗಳು, ವಕೀಲರು, ಹೆಣ್ಣು ನೋಡಿ ಒಪ್ಪಿದ ಮನೆಯವರು ಅಲ್ಲಿಗೆ ಬರುತ್ತಿದ್ದರು. ಅದು ಮುಚ್ಚಿದ ಮೇಲೆ ಅದರ ಚರಿತ್ರೆ ಬರೆದೆ. ಮಾಲೀಕರ ಮನೆಯವರ ಇಚ್ಛೆಯಂತೆ ಹೆಸರನ್ನು ಇಲ್ಲಿ ಹಾಕುತ್ತಿಲ್ಲ.

ಹಳೆಯ ಗಿರಾಕಿಗಳು ರುಚಿಯನ್ನು ಖಚಿತವಾಗಿ ನೆನೆಯುತ್ತಾರೆ. ಇಸವಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಹೀಗಾಗಿ ನಾನು ಮೆನು ಕಾರ್ಡುಗಳನ್ನು ನೆಚ್ಚಿಕೊಂಡೆ. ಅವುಗಳ ಮೇಲೆ ದಿನಾಂಕ ಇರುವುದಿಲ್ಲ, ಆದರೆ ಕಾಲವನ್ನು ಹೇಳುವ ಗುರುತುಗಳು ಬೇಕಾದಷ್ಟು ಇರುತ್ತವೆ. ಬೆಲೆ ನಯಾ ಪೈಸೆಯಲ್ಲಿದ್ದರೆ ಅದು 1957ರ ಏಪ್ರಿಲ್ ನಂತರದ್ದು. 1964ರಲ್ಲಿ ‘ನಯಾ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ವಿಳಾಸ ಇನ್ನೂ ಹೆಚ್ಚು ಹೇಳುತ್ತದೆ. 1956ರ ನವೆಂಬರ್‌ವರೆಗೆ ಬೆಳಗಾವಿ ಮುಂಬಯಿ ರಾಜ್ಯದಲ್ಲಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಬಂತು, 1973ರ ನವೆಂಬರ್ 1ರಂದು ಆ ರಾಜ್ಯವೇ ಕರ್ನಾಟಕವಾಯಿತು. ಪಿನ್ ಕೋಡ್ ಜಾರಿಯಾದದ್ದು 1972ರ ಆಗಸ್ಟ್ 15ರಂದು. ನನಗೆ ಸಿಕ್ಕ ಒಂದು ಕಾರ್ಡಿನಲ್ಲಿ ‘ಮೈಸೂರು ರಾಜ್ಯ’ವೂ ಇತ್ತು, ಪಿನ್ ಕೋಡೂ ಇತ್ತು. ಎರಡೂ ಕೂಡಿರಲು ಸಾಧ್ಯವಿದ್ದದ್ದು ಒಂದು ವರ್ಷದ ಮೇಲೆ ಕೆಲವು ತಿಂಗಳು ಮಾತ್ರ! ಅಂದು ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಅಚ್ಚಾದ ಕಾಲ ಬೇರೆ, ಬಳಕೆಯ ಕಾಲ ಬೇರೆ. ಕಾರ್ಡು ಹೊಸದಾಗಿ ಮಾಡಿಸಲು ಖರ್ಚು ಬರುತ್ತದೆಂದು ಬೆಲೆಯ ಮೇಲೆ ಚೀಟಿ ಅಂಟಿಸಿ ಅದನ್ನೇ ಮುಂದುವರಿಸುತ್ತಿದ್ದರು. ಚೀಟಿಯ ಮೇಲೆ ಚೀಟಿ ಇದ್ದ ಕಡೆ ಒಂದನ್ನೂ ಕೀಳದೆ, ಬೆಳಕಿಗೆ ಹಿಡಿದು ಓದಿಕೊಂಡೆ.

ಅದೇ ಕಾರ್ಡನ್ನು ಖಾನಾಪುರ ತಾಲೂಕಿನ ಊರೊಂದರಲ್ಲಿರುವ ನಿವೃತ್ತ ಅಡುಗೆಯವರ ಮುಂದಿಟ್ಟೆ. ಈರುಳ್ಳಿ ಸುಲಿಯುವ ಹುಡುಗನಾಗಿ ಸೇರಿ ಮುಖ್ಯ ಅಡುಗೆಯವರಾದವರು ಅವರು. ಮೀನಿನ ಸಾಲಿನ ಪಕ್ಕದಲ್ಲಿದ್ದ ಪೆನ್ಸಿಲ್ ಗೀಟನ್ನು ನಾನು ಮಕ್ಕಳ ಕೈಚಳಕ ಎಂದುಕೊಂಡಿದ್ದೆ. ಅವರು ನೋಡಿದವರೇ, “ಗೋವೆಯಿಂದ ಮೀನು ಬಾರದ ದಿನ ಹೀಗೆ ಹೊಡೆಯುತ್ತಿದ್ದೆವು ಸರ, ಮರುದಿನ ರಬ್ಬರಿನಿಂದ ಅಳಿಸುತ್ತಿದ್ದೆವು” ಎಂದರು. ಪ್ರಶ್ನೆ ಕೇಳಿದ್ದರೆ ಈ ಮಾತು ಬರುತ್ತಿರಲಿಲ್ಲ. ವಸ್ತು ಮುಂದಿಟ್ಟು ಸುಮ್ಮನೆ ಕೂಡುವುದೇ ಒಳ್ಳೆಯದು.

ಮನೆಯವರ ನೆನಪಿನಲ್ಲಿ ಅಡುಗೆಮನೆಯ ಆಳುಗಳಿಗೆ ಹೆಸರಿರಲಿಲ್ಲ. ಪಗಾರದ ಕಿರ್ದಿಯಲ್ಲಿ ಇದ್ದವು. ಅವನ್ನೆಲ್ಲ ಬರಹದ ಮೊದಲ ಪುಟಕ್ಕೆ ತಂದೆ. ಊರು ಮೆಚ್ಚಿದ ಸೂಪು, ಕಟ್ಲೆಟ್, ಕ್ಯಾರಮೆಲ್ ಕಸ್ಟರ್ಡ್ ಅವರ ಕೈಯವು ಎಂಬುದರಲ್ಲಿ ನಾನು ರಾಜಿಯಾಗಲು ಸಿದ್ಧನಿರಲಿಲ್ಲ.

ಯಾಕೆ ಮುಚ್ಚಿತು ಎಂಬುದಕ್ಕೆ ಮಾಲೀಕರ ಮಗ ತಮ್ಮ ಮಕ್ಕಳು ಪುಣೆಯಲ್ಲಿ ನೆಲೆಸಿದ್ದನ್ನು ಕಾರಣವಾಗಿ ಹೇಳಿದರು. ಅಡುಗೆಯವರು, ತಮ್ಮ ನಂತರ ಭಟ್ಟಿಯ ಮುಂದೆ ನಿಲ್ಲಲು ಯಾರೂ ಬರಲಿಲ್ಲ ಎಂದರು. ಎರಡನ್ನೂ ಹೇಳಿದವರ ಬಾಯಲ್ಲೇ ಅಕ್ಕಪಕ್ಕ ಬರೆದಿದ್ದೇನೆ.