ಲಸಿಕೆ ಪಟ್ಟಿ ಬದಲಾದಾಗ ಸಿಸ್ಟರ್‌ಗಳಿಗೆ ಕಲಿಸುವುದು ಹೇಗೆ?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಸಿಸ್ಟರ್‌ಗಳ ಮೇಲ್ವಿಚಾರಕಿ. ಹೊಸ ಸುತ್ತೋಲೆ ಬರಲಿ, ಹೊಸ ಆಪ್ ಬರಲಿ, ಕಲಿಸುವ ಕೆಲಸ ನಮ್ಮಂಥವರ ತಲೆಗೇ ಬರುತ್ತದೆ. ಸುತ್ತೋಲೆ ಓದಿ ಹೇಳಿ ಸಹಿ ಹಾಕಿಸಿಕೊಂಡರೆ ಯಾರೂ ಕಲಿಯುವುದಿಲ್ಲ.

ಮೊದಲು ದಿನ ನೋಡಿ. ನಮ್ಮಲ್ಲಿ ಗುರುವಾರ ಲಸಿಕೆ. ಮಕ್ಕಳ ಅಳುವಿನ ನಡುವೆ ಹೊಸದೇನೂ ಹೇಳಬೇಡಿ. ಬುಧವಾರ ಮಧ್ಯಾಹ್ನ ಡ್ಯೂ ಲಿಸ್ಟ್, ಅಂದರೆ ಮರುದಿನ ಲಸಿಕೆ ಹಾಕಬೇಕಾದ ಮಕ್ಕಳ ಪಟ್ಟಿ, ಇಟ್ಟುಕೊಂಡು ಅರ್ಧ ಗಂಟೆ ಕೂತರೆ ಸಾಕು.

ಆ ಲಿಸ್ಟಿನ ಮಕ್ಕಳನ್ನೇ ಇಟ್ಟುಕೊಂಡು ಕಲಿಸಿ. 2023ರ ಜನವರಿಯಿಂದ ಎಫ್‌ಐಪಿವಿ (ಪೋಲಿಯೋ ಇಂಜೆಕ್ಷನ್) ಮೂರನೇ ಡೋಸ್ ಬಂತಲ್ವಾ, 9 ತಿಂಗಳಿಗೆ, ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಜೊತೆ? ಅದು ಎಲ್ಲರಿಗೂ ಬೇಗ ಬಾಯಿಪಾಠವಾಗುತ್ತದೆ. ಆದರೆ 6 ವಾರ, 14 ವಾರದ ಡೋಸ್ ಬಲ ತೋಳಿಗೆ ಹಾಕಿ ಹಾಕಿ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಮೂರನೆಯದು ಎಡ ತೋಳಿಗೆ. ಬಲ ತೋಳು ಎಂಆರ್‌ಗೆ. ಅದಕ್ಕೇ ಲಸಿಕೆ ವಿವರ ಬರೆಯುವ ತಾಯಿ ಕಾರ್ಡೊಂದನ್ನು ಸಿಸ್ಟರ್ ಕೈಗೆ ಕೊಟ್ಟು, "ಈ ಮಗುವಿಗೆ ನಾಳೆ ಏನೇನು, ಎಲ್ಲೆಲ್ಲಿ?" ಎಂದು ಕೇಳಿ. ಎದುರಿಗೆ ಕೂತ ಆಶಾ ಕಾರ್ಯಕರ್ತೆಯ ತೋಳು ಮುಟ್ಟಿ ತೋರಿಸಲಿ. ಎದುರಿನವರ ಎಡ ನಮ್ಮ ಬಲಕ್ಕೆ ಬರುತ್ತದೆ ನೋಡಿ, ಅಲ್ಲೇ ತಡವರಿಸುವುದು. ನಗು ಬಂದರೆ ಬರಲಿ.

ಲಸಿಕೆ ದಾಖಲಿಸುವ ಯು-ವಿನ್ ಆಪ್ ಕಲಿಸುವಾಗ ಫೋನ್ ಸಿಸ್ಟರ್‌ಗಳ ಕೈಯಲ್ಲೇ ಇರಲಿ. "ಕೊಡಿ ಸಿಸ್ಟರ್, ನಾನೇ ಮಾಡ್ತೀನಿ" ಅಂದಿರೋ, ಮುಂದಿನ ವಾರವೂ ನೀವೇ ಮಾಡಬೇಕಾಗುತ್ತದೆ.

ಆಭಾ ನಂಬರ್ (ಡಿಜಿಟಲ್ ಆರೋಗ್ಯ ಖಾತೆಯ ನಂಬರ್) ಮಾಡಿಸುವಾಗ ಓಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ಫೋನಿಗೆ. ಆ ಫೋನ್ ಗಂಡನ ಜೇಬಿನಲ್ಲಿ, ಗಂಡ ಬೆಂಗಳೂರಿನಲ್ಲಿ! ಮೊದಲೇ ಮನೆಯವರಿಂದ ಆ ಗಂಡನಿಗೊಂದು ಫೋನ್ ಮಾಡಿಸಿ ಎಂದು ಆಶಾಗಳಿಗೆ ಹೇಳಿಡಿ. ತಾಲ್ಲೂಕು ತರಬೇತಿಯಲ್ಲಿ ಇದನ್ನೆಲ್ಲ ಯಾರು ಹೇಳ್ತಾರೆ?

ಹಿರಿಯ ಸಿಸ್ಟರ್‌ಗಳನ್ನು ಎಲ್ಲರ ಮುಂದೆ ಪ್ರಶ್ನೆ ಕೇಳಬೇಡಿ. ಎಫ್‌ಐಪಿವಿಯನ್ನು ಚರ್ಮದೊಳಗೆ 0.1 ಎಂಎಲ್ ಹಾಕಿ ಸಣ್ಣ ಗುಳ್ಳೆ ಏಳಿಸುವುದನ್ನು ಹೊಸಬರಿಗೆ ಅವರು ಹೇಳಿಕೊಡಲಿ. ಫೋನಿನ ವಿಷಯ ಹೊಸಬರು ಅವರಿಗೆ ಹೇಳಿಕೊಡಲಿ. ಪಕ್ಕಪಕ್ಕ ಕೂರಿಸಿದರೆ ಆಯ್ತು.

ಇನ್ನೊಂದು, ಬೇಸರ ಜಾಸ್ತಿ ಹುಟ್ಟುವುದು ರಿಜಿಸ್ಟರಿನಲ್ಲೂ ಆಪ್‌ನಲ್ಲೂ ಎರಡೆರಡು ಸಲ ಬರೆಯುವುದರಿಂದ. ಯಾವ ರಿಜಿಸ್ಟರ್ ಇನ್ನು ಬೇಡ ಎಂದು ತಿಂಗಳ ಸಭೆಯಲ್ಲಿ ಡಾಕ್ಟರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಎರಡೂ ಬರೆಯಲೇಬೇಕು ಅಂದರೆ ಅದನ್ನೂ ನೇರವಾಗಿ ಹೇಳಿಬಿಡಿ. ಆಪ್ ಬಂದರೆ ಕೆಲಸ ಕಮ್ಮಿಯಾಗುತ್ತೆ ಅಂತ ಸುಮ್ನೆ ಆಸೆ ಹುಟ್ಟಿಸಬೇಡಿ.