ನೆಟ್ ತಡವರಿಸುತ್ತಿದೆಯೇ? ಪ್ಲ್ಯಾನ್ ಬದಲಿಸುವ ಮೊದಲು ಅಪ್‌ಲೋಡ್ ನೋಡಿ

ವಿಡಿಯೊ ಕಾಲ್ ಕಟ್ಟಾದ ಕೂಡಲೇ ದೊಡ್ಡ ಪ್ಲ್ಯಾನ್ ಕಡೆ ಕಣ್ಣು ಹೋಗುತ್ತದೆ. ಆದರೆ ಎಷ್ಟೋ ಸಲ ತೊಂದರೆ ಇರುವುದು ಅಪ್‌ಲೋಡ್ ಲೈನ್ ತುಂಬಿಹೋಗಿ ಮೋಡೆಮ್‌ನಲ್ಲಿ ಪ್ಯಾಕೆಟ್‌ಗಳು (ಡೇಟಾದ ಸಣ್ಣ ತುಣುಕುಗಳು) ಸಾಲುಗಟ್ಟುವುದರಲ್ಲಿ.

ಪ್ಲ್ಯಾನ್‌ನ ವೇಗ ಸೆಕೆಂಡಿಗೆ ಇಷ್ಟು ಮೆಗಾಬಿಟ್ (ಎಂಬಿಪಿಎಸ್) ಎಂದಿರುತ್ತದೆ, ಡೌನ್‌ಲೋಡ್ ಆಗುವಾಗ ಕಾಣುವುದು ಸಾಮಾನ್ಯವಾಗಿ ಮೆಗಾಬೈಟ್. 8ರಿಂದ ಭಾಗಿಸಿ: 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್.

ವೇಗ ಅಳೆಯುವಾಗ ವೈಫೈ ಆಫ್ ಮಾಡಿ, ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ರೌಟರ್‌ಗೆ ಜೋಡಿಸಿ. 300 ಎಂಬಿಪಿಎಸ್ ಪ್ಲ್ಯಾನ್ ಇದ್ದೂ ಫಲಿತಾಂಶ 94ರ ಆಸುಪಾಸಿನಲ್ಲೇ ನಿಂತರೆ ಕಂಪನಿಗೆ ಫೋನ್ ಮಾಡುವ ಮುನ್ನ ಕೇಬಲ್ ಬದಲಿಸಿ. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಕೇಬಲ್‌ನ ಎಂಟೂ ತಂತಿಗಳು ಬೇಕು. ಒಂದು ಕೈಕೊಟ್ಟರೂ ಲಿಂಕ್ 100ಕ್ಕೆ ಇಳಿಯಬಹುದು, ಅದರಲ್ಲಿ ಶೇ 5–6ರಷ್ಟು ಹೆಡರ್‌ಗಳಿಗೇ (ಪ್ರತಿ ಪ್ಯಾಕೆಟ್‌ನ ವಿಳಾಸದಂಥ ಮಾಹಿತಿಗೆ) ಹೋಗುತ್ತದೆ. ಕೇಬಲ್ ಸರಿಯಿದ್ದರೆ ಎರಡೂ ಕಡೆಯ ಪೋರ್ಟ್ ಗಿಗಾಬಿಟ್‌ನದೇ ಎಂದು ನೋಡಿ.

ಇನ್ನು ಮುಖ್ಯ ಪರೀಕ್ಷೆ. 8.8.8.8 ಎಂಬ ಗೂಗಲ್ ಸರ್ವರ್‌ಗೆ ಪಿಂಗ್ (ಪುಟ್ಟ ಸಂದೇಶ ಹೋಗಿ ಬರುವ ಸಮಯ ತೋರಿಸುವ ಕಮಾಂಡ್) ಓಡುತ್ತಿರಲಿ. ಬೇರೇನೂ ನಡೆಯದಿದ್ದಾಗ 15 ಮಿಲಿಸೆಕೆಂಡ್ ಬರುತ್ತಿದೆ ಎನ್ನಿ. ಈಗ ದೊಡ್ಡ ಫೈಲೊಂದನ್ನು ಕ್ಲೌಡ್‌ಗೆ ಏರಿಸಿ. ಪಿಂಗ್ 200, 300ಕ್ಕೆ ಜಿಗಿದರೆ ಕಳ್ಳ ಸಿಕ್ಕ. ಡೌನ್‌ಲೋಡ್ ಕೂಡ ಕುಂಟುವುದು ಇದರಿಂದಲೇ: ಬಂದ ಡೇಟಾಗೆ ಕಳಿಸಬೇಕಾದ ಸ್ವೀಕೃತಿ ಪ್ಯಾಕೆಟ್‌ಗಳೂ ಅದೇ ಸಾಲಿನಲ್ಲಿ ಕಾಯುತ್ತವೆ.

ಓಪನ್‌ಡಬ್ಲ್ಯುಆರ್‌ಟಿ (ರೌಟರ್‌ಗಳ ಮುಕ್ತ ತಂತ್ರಾಂಶ) ಹಾಕಿದ ರೌಟರ್ ಇದ್ದರೆ ಪ್ಯಾಕೆಟ್‌ಗಳ ಸಾಲನ್ನು ನಿಭಾಯಿಸುವ ಎಸ್‌ಕ್ಯುಎಂ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ಇಂಟರ್‌ನೆಟ್ ಕಡೆಯ ವ್ಯಾನ್ ಇಂಟರ್‌ಫೇಸ್ ಆರಿಸಿ, ಕ್ಯೂ (ಸಾಲು) ವಿಧಾನವಾಗಿ ‘ಕೇಕ್’ ಇಡಿ. ಅಳೆದ ವೇಗದ ಶೇ 90ರಷ್ಟನ್ನು ಕಿಲೋಬಿಟ್‌ಗಳಲ್ಲಿ ತುಂಬಿ: ಡೌನ್‌ಲೋಡ್ 100, ಅಪ್‌ಲೋಡ್ 20 ಬಂದಿದ್ದರೆ 90000 ಮತ್ತು 18000. ಶೇ 10ರಷ್ಟು ಬಿಟ್ಟುಕೊಡುವುದು ನಷ್ಟವಲ್ಲ. ಸಾಲು ಮೋಡೆಮ್ ಬಿಟ್ಟು ನಿಮ್ಮ ರೌಟರ್‌ನ ಹಿಡಿತಕ್ಕೆ ಬರುವುದು ಆಗಲೇ. ಮತ್ತೆ ಪಿಂಗ್ ನೋಡಿ. ಇನ್ನೂ ಏರುತ್ತಿದ್ದರೆ ಆ ಅಂಕಿಗಳನ್ನು ಶೇ 5ರಂತೆ ಇಳಿಸುತ್ತ ಬನ್ನಿ. ಎಷ್ಟು ಇಳಿಸಿದರೂ ಬದಲಾಗದಿದ್ದರೆ ಫ್ಲೋ ಆಫ್‌ಲೋಡಿಂಗ್ (ಪ್ಯಾಕೆಟ್‌ಗಳನ್ನು ಒಳದಾರಿಯಲ್ಲಿ ಬೇಗ ದಾಟಿಸುವ ಸೆಟ್ಟಿಂಗ್) ಆನ್ ಇದೆಯೇ ಎಂದು ಪರಿಶೀಲಿಸಿ. ಅದು ಇದ್ದಾಗ ಪ್ಯಾಕೆಟ್‌ಗಳು ಎಸ್‌ಕ್ಯುಎಂ ಮೂಲಕ ಹಾದುಹೋಗದೇ ಇರಬಹುದು. ವೇಗವೇ ತೀರಾ ಕುಸಿದರೆ ರೌಟರ್‌ನ ಪ್ರೊಸೆಸರ್‌ಗೆ ಭಾರವಾಗಿದೆ ಎಂದರ್ಥ.

ಈ ಸೌಲಭ್ಯ ಇಲ್ಲದ ರೌಟರ್‌ಗಳಲ್ಲಿ ಫೋಟೊ ಬ್ಯಾಕಪ್, ಟೊರೆಂಟ್‌ಗಳಿಗೆ ಆಯಾ ಆ್ಯಪ್‌ನಲ್ಲೇ ಅಪ್‌ಲೋಡ್ ಮಿತಿ ಹಾಕಿ, ಇಲ್ಲವೇ ರಾತ್ರಿಗೆ ದೂಡಿ. ಲೈನ್‌ನ ವೇಗ ನಮೂದಿಸದೆ ಬರೀ ಕೆಲವು ಸಾಧನ, ಆ್ಯಪ್‌ಗಳಿಗೆ ಆದ್ಯತೆ ಕೊಡುವ ಕ್ಯುಒಎಸ್ ಬಟನ್ ಬಹುಮಟ್ಟಿಗೆ ಅಲಂಕಾರಕ್ಕೆ.

ಕೇಬಲ್‌ನಲ್ಲಿ ಎಲ್ಲ ಸರಿಯಿದ್ದು ವೈಫೈನಲ್ಲಿ ಮಾತ್ರ ನಿಧಾನವೇ? 2.4 ಗಿಗಾಹರ್ಟ್ಸ್‌ನಲ್ಲಿ 20 ಮೆಗಾಹರ್ಟ್ಸ್ ಅಗಲ, 1, 6, 11ರಲ್ಲಿ ಒಂದು ಚಾನೆಲ್ ಇಡಿ. ಜಾಗ ಬಿಟ್ಟು ಕದಲದ ಟಿವಿ, ಡೆಸ್ಕ್‌ಟಾಪ್‌ಗಳನ್ನು ಕೇಬಲ್‌ಗೆ ಹಾಕಿ. ದೂರದ ಮೂಲೆಯ ಒಂದು ಸಾಧನ ನಿಧಾನವಾಗಿ ಮಾತಾಡಿದಷ್ಟೂ ಹೊತ್ತು ಉಳಿದವು ಕಾಯಬೇಕು.

ಕೇಬಲ್‌ನಲ್ಲೇ ಬೆಳಗಿನ ಜಾವ ಪೂರ್ತಿ ವೇಗ ಬಂದು ರಾತ್ರಿ ಅರ್ಧಕ್ಕಿಳಿದರೆ ದಟ್ಟಣೆ ಬಹುಶಃ ಕಂಪನಿಯ ಕಡೆಯದು. ಎರಡೂ ಹೊತ್ತಿನ ಅಳತೆಗಳನ್ನು ಬರೆದಿಟ್ಟು ದೂರು ಕೊಡಿ. ಅದು ಸರಿಹೋಗುವವರೆಗೆ ಎಸ್‌ಕ್ಯುಎಂನಲ್ಲಿ ರಾತ್ರಿಯ ಅಂಕಿಯನ್ನೇ ಆಧಾರವಾಗಿಡಿ.