ಮೇನ್ ಸ್ವಿಚ್ ಇಳಿಸಿದರೂ ಕೆಡದ ಹಾಗೆ ಸಿಎಂ4ಗೆ ಓಎಸ್ ಹಾಕುವುದು

ವರ್ಕ್‌ಶಾಪಿನಲ್ಲಿ ಯಾರೂ ಕಂಪ್ಯೂಟರನ್ನು ಶಟ್‌ಡೌನ್ ಮಾಡುವುದಿಲ್ಲ. ಸಂಜೆ ಮೇನ್ ಸ್ವಿಚ್ ಇಳಿಸಿ ಮನೆಗೆ ಹೋಗುತ್ತಾರೆ. ಅದು ಅವರ ತಪ್ಪಲ್ಲ. ಲೇತ್ ಆಫ್ ಆಗುವ ಹಾಗೇ ಪ್ಯಾನೆಲ್ ಒಳಗಿನ ಪೆಟ್ಟಿಗೆಯೂ ಆಫ್ ಆಗಬೇಕು, ಬೆಳಗ್ಗೆ ತಾನಾಗಿಯೇ ಏಳಬೇಕು. ಪೀಣ್ಯದಲ್ಲಿ ಕಂಪ್ರೆಸರ್, ಎನರ್ಜಿ ಮೀಟರ್‌ಗಳ ರೀಡಿಂಗ್ ತೆಗೆಯಲು ನಾನು ರಾಸ್ಪ್‌ಬೆರಿ ಪೈ ಕಂಪ್ಯೂಟ್ ಮಾಡ್ಯೂಲ್ 4 (ಸಿಎಂ4) ಅನ್ನುವ ಪುಟ್ಟ ಕಂಪ್ಯೂಟರ್ ಹಾಕುತ್ತೇನೆ. ಅದಕ್ಕೆ ಓಎಸ್ ಕೂರಿಸುವಾಗ ನನ್ನ ತಲೆಯಲ್ಲಿ ಇರುವುದು ಆ ಮೇನ್ ಸ್ವಿಚ್ ಒಂದೇ.

ಇಎಂಎಂಸಿ (ಮಾಡ್ಯೂಲಿಗೇ ಬೆಸೆದ ಸ್ಟೋರೇಜ್ ಚಿಪ್) ಇರುವ ಮಾಡ್ಯೂಲನ್ನೇ ತೆಗೆದುಕೊಳ್ಳಿ. ಲೈಟ್ ಅನ್ನುವ ಮಾಡ್ಯೂಲಿನಲ್ಲಿ ಇಎಂಎಂಸಿ ಇರುವುದಿಲ್ಲ, ಎಸ್‌ಡಿ ಕಾರ್ಡ್ ಬೇಕು. ಸದಾ ಅದುರುವ ಜಾಗಕ್ಕೆ ಕಾರ್ಡ್ ಬೇಡ.

ಮಾಡ್ಯೂಲ್ ಕೂರಿಸುವ ಐಓ ಬೋರ್ಡಿನಲ್ಲಿ ಜೆ2 ಅನ್ನುವ ಪಿನ್‌ಗಳಿವೆ. ಇಎಂಎಂಸಿ ಬೂಟ್ ತಡೆಯುವ ಜೋಡಿಗೆ ಜಂಪರ್ (ಎರಡು ಪಿನ್ ಸೇರಿಸುವ ಪುಟ್ಟ ಕ್ಲಿಪ್) ಹಾಕಿ, ಮೈಕ್ರೋ ಯುಎಸ್‌ಬಿ ಕೇಬಲನ್ನು ಲ್ಯಾಪ್‌ಟಾಪಿಗೆ ಕೊಡಿ, ಆಮೇಲೆ 12 ವೋಲ್ಟ್ ಕೊಡಿ. ಪವರ್ ಕೊಟ್ಟ ಮೇಲೆ ಜಂಪರ್ ಹಾಕಿದರೆ ಉಪಯೋಗವಿಲ್ಲ. ಲ್ಯಾಪ್‌ಟಾಪಿನಲ್ಲಿ ಆರ್‌ಪಿಐಬೂಟ್ ಅನ್ನುವ ಪ್ರೋಗ್ರಾಂ ಓಡಿಸಿದರೆ ಇಎಂಎಂಸಿ ಪೆನ್‌ಡ್ರೈವ್ ಥರ ಕಾಣುತ್ತದೆ. ಓಎಸ್ ಬರೆಯುವ ರಾಸ್ಪ್‌ಬೆರಿ ಪೈ ಇಮೇಜರ್‌ನಲ್ಲಿ 64 ಬಿಟ್ ಲೈಟ್ ಓಎಸ್ (ಡೆಸ್ಕ್‌ಟಾಪ್ ಇಲ್ಲದ್ದು) ಆರಿಸಿ. ಹೋಸ್ಟ್‌ನೇಮ್, ಯೂಸರ್, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್), ಟೈಮ್‌ಝೋನ್ ಎಲ್ಲವನ್ನೂ ಅಲ್ಲೇ ತುಂಬಿಸಿ ಬರೆಯಿರಿ. ಮುಗಿದ ಮೇಲೆ ಜಂಪರ್ ತೆಗೆಯಿರಿ.

ಬೂಟ್ ಆದ ಮೇಲೆ ಮೊದಲು ಗಡಿಯಾರ. ಇಂಟರ್ನೆಟ್ ಇಲ್ಲದ ಶೆಡ್ಡಿನಲ್ಲಿ ಬೆಳಗ್ಗೆ ಎದ್ದ ಪೈಗೆ ಹಿಂದೆ ಉಳಿಸಿಟ್ಟ ಹಳೆಯ ಸಮಯವೇ ನೆನಪಿರುತ್ತದೆ. ರೀಡಿಂಗ್ ಸರಿ, ಟೈಮ್ ತಪ್ಪು ಅಂದರೆ ಏನು ಪ್ರಯೋಜನ? ಐಓ ಬೋರ್ಡಿನಲ್ಲಿ ಪಿಸಿಎಫ್85063ಎ ಆರ್‌ಟಿಸಿ (ಸೆಲ್ ಮೇಲೆ ಓಡುವ ಗಡಿಯಾರದ ಚಿಪ್) ಇದೆ. ಸಿಆರ್2032 ಸೆಲ್ ಹಾಕಿ, ಕಾನ್ಫಿಗ್ ಫೈಲಿನಲ್ಲಿ ಆ ಚಿಪ್ಪಿನ ಡಿವೈಸ್ ಓವರ್‌ಲೇ ಸಾಲು (ಚಿಪ್ ಇದೆ ಅಂತ ಓಎಸ್‌ಗೆ ತಿಳಿಸುವುದು) ಸೇರಿಸಿ. ಅದೇ ಫೈಲಿನಲ್ಲಿ ಸಿಎಂ4 ವಿಭಾಗದ ಕೆಳಗೆ ಓಟಿಜಿ ಮೋಡ್ ಸಾಲು ಇರುತ್ತದೆ. ಅದನ್ನು ಅಳಿಸಬೇಡಿ, ಅಳಿಸಿದರೆ ಯುಎಸ್‌ಬಿ ಪೋರ್ಟ್‌ಗಳು ಕೆಲಸ ಮಾಡುವುದಿಲ್ಲ.

ಮೀಟರ್‌ಗಳನ್ನು ಯುಎಸ್‌ಬಿಗೆ ಜೋಡಿಸುವ ಆರ್‌ಎಸ್485 ಕನ್ವರ್ಟರ್ ಎರಡಿದ್ದರೆ ಓಎಸ್ ಕೊಡುವ ಟಿಟಿವೈ ಯುಎಸ್‌ಬಿ0, 1 ಅನ್ನುವ ಹೆಸರು ನಂಬಬೇಡಿ. ರೀಬೂಟ್ ಆದಾಗ ಅದಲು ಬದಲಾಗಬಹುದು. ಸಿಎಚ್340 ಚಿಪ್ಪಿನವಕ್ಕೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುವುದಿಲ್ಲ, ಅದರಿಂದ ಗುರುತಿಸಲೂ ಆಗುವುದಿಲ್ಲ. ಆದ್ದರಿಂದ ನಾನು ಬೈ-ಪಾತ್ ಹೆಸರು (ಚುಚ್ಚಿದ ಪೋರ್ಟಿನ ಪ್ರಕಾರ ಬರುವುದು) ಬಳಸುತ್ತೇನೆ, ಯಾವ ಪೋರ್ಟಿಗೆ ಯಾವುದು ಅಂತ ಕೇಬಲ್ ಮೇಲೂ ಬರೆಯುತ್ತೇನೆ.

ಇನ್ನು ವಾಚ್‌ಡಾಗ್, ಅಂದರೆ ಓಎಸ್ ಸ್ತಬ್ಧವಾದರೆ ರೀಬೂಟ್ ಮಾಡುವ ಕಾವಲುಗಾರ. ಓಎಸ್‌ನ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ ರನ್‌ಟೈಮ್ ವಾಚ್‌ಡಾಗ್‌ಗೆ 14 ಸೆಕೆಂಡ್ ಕೊಡಿ. ಈ ಚಿಪ್ 15 ಸೆಕೆಂಡಿಗಿಂತ ಜಾಸ್ತಿ ಕಾಯುವುದಿಲ್ಲ. ಇದು ಇಡೀ ಓಎಸ್ ನಿಂತಾಗ ಮಾತ್ರ ರೀಬೂಟ್ ಮಾಡುತ್ತದೆ. ನಿಮ್ಮ ಪ್ರೋಗ್ರಾಂ ಒಂದೇ ಸತ್ತರೆ ಎಬ್ಬಿಸಲು ಅದರ ಸರ್ವಿಸ್ ಫೈಲಿನಲ್ಲಿ ರೀಸ್ಟಾರ್ಟ್ ಆಲ್ವೇಸ್ ಬೇಕು.

ಕೊನೆಗೆ ಓವರ್‌ಲೇ ಫೈಲ್ ಸಿಸ್ಟಮ್ (ಮೇಲಿನ ಆರ್‌ಟಿಸಿ ಓವರ್‌ಲೇಗೂ ಇದಕ್ಕೂ ಸಂಬಂಧವಿಲ್ಲ). ಸೆಟ್ಟಿಂಗ್ ಬದಲಿಸುವ ರಾಸ್ಪಿ-ಕಾನ್ಫಿಗ್‌ನ ಪರ್ಫಾರ್ಮೆನ್ಸ್ ಮೆನುವಿನಲ್ಲಿ ಇದನ್ನು ಆನ್ ಮಾಡಿದರೆ ಇಎಂಎಂಸಿ ಓದಲಿಕ್ಕೆ ಮಾತ್ರ. ಬರೆದದ್ದೆಲ್ಲ ರ‍್ಯಾಮಿಗೆ ಹೋಗುತ್ತದೆ, ಕರೆಂಟ್ ಹೋದಾಗ ಅಳಿಯುತ್ತದೆ. ಓಎಸ್ ಮಾತ್ರ ಹಾಗೇ ಉಳಿಯುತ್ತದೆ. ರೀಡಿಂಗ್ ಉಳಿಯಬೇಕಲ್ವಾ? ಅದಕ್ಕೆ ಯುಎಸ್‌ಬಿ ಎಸ್‌ಎಸ್‌ಡಿ ಒಂದನ್ನು ಬೇರೆಯಾಗಿ ಮೌಂಟ್ ಮಾಡುತ್ತೇನೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಎಂಬ ಪಟ್ಟಿ) ನೋಫೇಲ್ ಸೇರಿಸಿ, ಡಿಸ್ಕ್ ಕೆಟ್ಟರೂ ಬೂಟ್ ನಿಲ್ಲುವುದಿಲ್ಲ.

ಇಲ್ಲೇ ನನಗೆ ಪೆಟ್ಟು ಬಿದ್ದದ್ದು. ಓಎಸ್‌ನ ಬುಕ್‌ವರ್ಮ್ ಆವೃತ್ತಿಯಲ್ಲಿ ಈ ಓವರ್‌ಲೇ ಕೆಲಸ ಮಾಡುವ ಓವರ್‌ಲೇರೂಟ್ ಸುಮ್ನೆ ಓಎಸ್ ಇರುವ ರೂಟ್ ಒಂದನ್ನೇ ಅಲ್ಲ, ಎಫ್‌ಎಸ್‌ಟ್ಯಾಬ್‌ನ ಉಳಿದ ಡಿಸ್ಕ್‌ಗಳನ್ನೂ ಮುಚ್ಚುತ್ತದೆ. ಎಸ್‌ಎಸ್‌ಡಿಗೆ ಬರೆಯುತ್ತಿದೆ ಅಂದುಕೊಂಡಿದ್ದೆ. ಮೂರು ದಿನದ ರೀಡಿಂಗ್ ರ‍್ಯಾಮಿಗೇ ಹೋಗಿತ್ತು, ಪ್ರತಿ ಸಂಜೆ ಸ್ವಿಚ್ ಇಳಿದಾಗ ಅಳಿದುಹೋಗಿತ್ತು. ಬೂಟ್ ಸೂಚನೆಗಳಿರುವ ಸಿಎಂಡಿಲೈನ್ ಫೈಲಿನಲ್ಲಿ ಓವರ್‌ಲೇರೂಟ್ ಟಿಎಂಪಿಎಫ್‌ಎಸ್ ಆದ ಮೇಲೆ ಕೋಲನ್ ಹಾಕಿ ರಿಕರ್ಸ್ ಸಮ 0 ಎಂದು (overlayroot=tmpfs:recurse=0) ಸೇರಿಸಿದ ಮೇಲೆ ಸರಿಯಾಯಿತು. ಓಎಸ್ ಬರೆಯುವ ಜರ್ನಲ್‌ಡಿ ಲಾಗ್‌ಗೂ 50 ಎಂಬಿ ಮಿತಿ ಹಾಕಿ, ಇಲ್ಲದಿದ್ದರೆ ಲಾಗೇ ರ‍್ಯಾಮ್ ತಿನ್ನುತ್ತದೆ.

ಆಮೇಲೆ ಪರೀಕ್ಷೆ. ರೀಡಿಂಗ್ ಓಡುತ್ತಿರುವಾಗಲೇ ಇಪ್ಪತ್ತು ಸಲ ಸ್ವಿಚ್ ಇಳಿಸಿ ಏರಿಸುತ್ತೇನೆ. ಪ್ರತಿ ಸಲವೂ ಎಸ್‌ಎಸ್‌ಡಿಯಲ್ಲಿ ಕೊನೆಯ ಸಾಲು, ಸಮಯ ಎರಡನ್ನೂ ನೋಡುತ್ತೇನೆ. ಮುಂದೆ ಅಪ್‌ಡೇಟ್ ಮಾಡಬೇಕಾದರೆ ಓವರ್‌ಲೇ ಆಫ್, ರೀಬೂಟ್, ಅಪ್‌ಡೇಟ್, ಮತ್ತೆ ಆನ್, ರಿಕರ್ಸ್ ಸಾಲು ಇದೆಯೇ ನೋಡಿ, ರೀಬೂಟ್. ಈ ಕ್ರಮವನ್ನು ಕನ್ನಡದಲ್ಲಿ ಬರೆದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿ ಬರುತ್ತೇನೆ.